ಮಾಸ್ಕ್ ರೋಗಿಯ ಕೈಯಲ್ಲೇ ಇರಲಿ: ತುರ್ತು ಚಿಕಿತ್ಸೆಯಲ್ಲಿ ನೋವು ಕಳೆಯುವ ಗ್ಯಾಸ್

(ಆಂಬುಲೆನ್ಸ್ ಸಿಬ್ಬಂದಿ, ನರ್ಸ್‌ಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಕೆಲವು ಕಡೆ ಮಾತನ್ನು ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಾಲು ಮುರಿದವರಿಗೆ ಯಾವಾಗ ಅತಿ ಜಾಸ್ತಿ ನೋವಾಗುತ್ತದೆ? ಬಿದ್ದ ಕ್ಷಣದಲ್ಲಿ ಅಂತ ನಾವು ಅಂದುಕೊಳ್ಳುತ್ತೇವೆ. ವಾಸಿಯಾದ ಮೇಲೆ ಅವರನ್ನೇ ಕೇಳಿ ನೋಡಿ. ಎತ್ತಿ ಸ್ಟ್ರೆಚರ್ ಮೇಲೆ ಮಲಗಿಸಿದ್ದು, ಕಾಲು ನೇರ ಮಾಡಿ ಸ್ಪ್ಲಿಂಟ್ ಕಟ್ಟಿದ್ದು, ಗಾಡಿ ಗುಂಡಿಗೆ ಇಳಿದು ಹತ್ತಿದ್ದು, ಎಕ್ಸ್‌ರೇ ಟೇಬಲ್ ಮೇಲೆ ಹೊರಳಿಸಿದ್ದು. ಇವನ್ನೇ ಹೇಳುತ್ತಾರೆ. ಅಂದರೆ ಸಹಾಯಕ್ಕೆ ಬಂದ ನಾವೇ ಎಷ್ಟೋ ಸಲ ಹೆಚ್ಚು ನೋವು ಕೊಟ್ಟಿರುತ್ತೇವೆ. ಬೇಕು ಅಂತ ಅಲ್ಲ, ಆ ಕೆಲಸಗಳನ್ನು ಮಾಡಲೇಬೇಕು. ಆದರೆ ಮುಂಚೆ ನೋವು ಕಡಿಮೆ ಮಾಡಿ, ಆಮೇಲೆ ಮುಟ್ಟಬಹುದಲ್ವಾ?

ಇಲ್ಲೇ ತೊಡಕು ಇರುವುದು. ಮಾತ್ರೆ ನುಂಗಿಸಿದರೆ ಅರ್ಧ ಗಂಟೆಯಾದರೂ ಬೇಕು. ನರಕ್ಕೆ ಮಾರ್ಫಿನ್ ಕೊಡೋಣ ಅಂದರೆ ನರ ಸಿಗಬೇಕು, ಕೊಡುವ ಅಧಿಕಾರ ಇದ್ದವರು ಪಕ್ಕದಲ್ಲಿ ಇರಬೇಕು, ಬೀಗ ತೆಗೆದು ಲೆಕ್ಕ ಬರೆದು ಔಷಧಿ ಹೊರಗೆ ಬರಬೇಕು. ಈ ನಡುವೆ ರೋಗಿ ಕಾಯುತ್ತಾರೆ. 1989ರಲ್ಲಿ ಅಮೆರಿಕದ ವಿಲ್ಸನ್ ಮತ್ತು ಪೆಂಡಲ್ಟನ್ ಎಂಬ ವೈದ್ಯರು, ನೋವಿನಿಂದ ತುರ್ತು ವಿಭಾಗಕ್ಕೆ ಬಂದು ಅಡ್ಮಿಟ್ ಆದ 198 ರೋಗಿಗಳ ದಾಖಲೆ ತೆಗೆದು ನೋಡಿದರು. ಶೇ. 56 ಜನರಿಗೆ ಆ ವಿಭಾಗದಲ್ಲಿ ಇದ್ದಷ್ಟು ಹೊತ್ತೂ ನೋವಿನ ಔಷಧಿಯನ್ನೇ ಕೊಟ್ಟಿರಲಿಲ್ಲ. ಅದು ಹಳೆಯ ಲೆಕ್ಕ. ಆದರೆ ತುರ್ತು ವಿಭಾಗದಲ್ಲಿ ಕೆಲಸ ಮಾಡುವವರು ಯಾರೂ ಅದನ್ನು ಕೇಳಿ "ಈಗ ಹಾಗಿಲ್ಲ ಬಿಡಿ" ಅಂತ ಧೈರ್ಯವಾಗಿ ಹೇಳಲಾರರು.

ಈ ಮೊದಲ ಹದಿನೈದು ಇಪ್ಪತ್ತು ನಿಮಿಷಕ್ಕೆ ಹೇಳಿ ಮಾಡಿಸಿದ ಔಷಧಿಯ ಬಗ್ಗೆ ಇವತ್ತು ಮಾತಾಡುತ್ತೇನೆ. ಸೂಜಿ ಇಲ್ಲ, ನರ ಹುಡುಕಬೇಕಿಲ್ಲ. ಉಸಿರಾಡಿದರೆ ಸಾಕು.

ಮುಖ್ಯವಾದದ್ದು ನೈಟ್ರಸ್ ಆಕ್ಸೈಡ್, ಜನ ಲಾಫಿಂಗ್ ಗ್ಯಾಸ್ ಅನ್ನುತ್ತಾರಲ್ಲ, ಅದೇ. ಜೋಸೆಫ್ ಪ್ರೀಸ್ಟ್ಲಿ 1772ರಲ್ಲಿ ಇದನ್ನು ತಯಾರಿಸಿದ. ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿ ಎಂಬ ಇಪ್ಪತ್ತರ ಹರೆಯದ ಹುಡುಗ ಇದನ್ನು ತಾನೇ ಸೇದಿ ನೋಡಿದ. ಬುದ್ಧಿ ಹಲ್ಲಿನ ಹತ್ತಿರ ಒಸಡು ಊದಿ ನೋಯುತ್ತಿತ್ತು. ಗ್ಯಾಸ್ ಸೇದಿದಾಗ ನೋವು ಇಳಿಯಿತು. ಹೆಚ್ಚು ರಕ್ತ ಹೋಗದ ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಬಳಸಬಹುದೇನೋ ಅಂತ 1800ರಲ್ಲಿ ಪುಸ್ತಕದಲ್ಲೇ ಬರೆದಿಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನಲವತ್ತನಾಲ್ಕು ವರ್ಷ ಈ ಗ್ಯಾಸ್ ಮೇಳಗಳಲ್ಲಿ, ಪ್ರದರ್ಶನಗಳಲ್ಲಿ ನಗಿಸುವ ವಸ್ತುವಾಗಿ ಉಳಿಯಿತು. ಆ ಅಷ್ಟೂ ವರ್ಷ ಎಚ್ಚರ ಇರುವ ಜನರ ಕೈಕಾಲು ಕತ್ತರಿಸುತ್ತಿದ್ದರು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

1844ರ ಡಿಸೆಂಬರ್‌ನಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥದ್ದೇ ಒಂದು ಪ್ರದರ್ಶನ. ಗ್ಯಾಸ್ ಸೇದಿದ ಒಬ್ಬ ಕುಣಿದಾಡಿ ಕಾಲಿಗೆ ಪೆಟ್ಟು ಮಾಡಿಕೊಂಡ. ರಕ್ತ ಬರುತ್ತಿದ್ದರೂ ಅವನಿಗೆ ಗೊತ್ತೇ ಆಗಲಿಲ್ಲ. ನೋಡುತ್ತಿದ್ದ ಹೊರೇಸ್ ವೆಲ್ಸ್ ಎಂಬ ದಂತವೈದ್ಯರಿಗೆ ಅದು ಹೊಳೆಯಿತು. ಮಾರನೇ ದಿನವೇ ಗ್ಯಾಸ್ ಸೇದಿ ತಮ್ಮದೇ ಹಲ್ಲು ಕೀಳಿಸಿಕೊಂಡರು. ಮುಂದಿನ ತಿಂಗಳು ಬಾಸ್ಟನ್‌ನಲ್ಲಿ ವೈದ್ಯರ ಮುಂದೆ ತೋರಿಸಲು ಹೋದರು. ಹಲ್ಲು ಕೀಳುವಾಗ ರೋಗಿ ಕೂಗಿದ. ಸಭೆ "ಮೋಸ" ಅಂತ ಗೇಲಿ ಮಾಡಿತು.

ಅಲ್ಲಿ ಆದ ತೊಂದರೆಯಲ್ಲಿ ನಮಗೆ ಬೇಕಾದ ವಿಷಯ ಒಂದಿದೆ. ನೈಟ್ರಸ್ ಆಕ್ಸೈಡ್ ಬಹಳ ದುರ್ಬಲ ಅರಿವಳಿಕೆ. ಅದೊಂದರಿಂದಲೇ ಆಪರೇಷನ್ ಮಾಡುವಷ್ಟು ಎಚ್ಚರ ತಪ್ಪಿಸಬೇಕಾದರೆ, ಉಸಿರಾಡುವ ಗಾಳಿಯಲ್ಲಿ ಶೇ. 104ರಷ್ಟು ಅದೇ ಇರಬೇಕು ಅನ್ನುತ್ತದೆ ಲೆಕ್ಕ. ನೂರಕ್ಕಿಂತ ಜಾಸ್ತಿ ಅಂದರೆ ಮಾಮೂಲಿ ಒತ್ತಡದಲ್ಲಿ ಆಗದ ಮಾತು. ಬರೀ ಗ್ಯಾಸನ್ನೇ ಕೊಟ್ಟರೆ ಆಮ್ಲಜನಕಕ್ಕೆ ಜಾಗವೇ ಇಲ್ಲ, ರೋಗಿ ನೀಲಿಗಟ್ಟುತ್ತಾನೆ. ಪ್ರಜ್ಞೆ ತಪ್ಪಿಸುವ ಕೆಲಸಕ್ಕೆ ಅದು ಸೋತಿತು. ಆದರೆ ಎಚ್ಚರ ಇರುವಾಗಲೇ ನೋವು ಇಳಿಸುವ ಕೆಲಸಕ್ಕೆ ಅರ್ಧ ಪಾಲು ಸಾಕು. ನೋವಿನ ಸಂಕೇತ ಹಿಡಿದುಕೊಳ್ಳುವ, ಎನ್‌ಎಂಡಿಎ ಅನ್ನುವ ಮಿದುಳಿನ ಗ್ರಾಹಕಗಳನ್ನು ಅದು ತಡೆಯುತ್ತದೆ. ಮಿದುಳು ಕಾಂಡದಲ್ಲಿ ದೇಹದ್ದೇ ಆದ ಅಫೀಮಿನಂಥ ವಸ್ತುಗಳನ್ನು ಬಿಡುಗಡೆ ಮಾಡಿಸುತ್ತದೆ. ಅಲ್ಲಿಂದ ಬೆನ್ನುಹುರಿಗೆ ಇಳಿಯುವ ಸಂಕೇತ ನೋವಿನ ದಾರಿಯನ್ನು ಮುಚ್ಚುತ್ತದೆ. ಆ ದುರ್ಬಲತೆಯೇ ತುರ್ತು ಚಿಕಿತ್ಸೆಯಲ್ಲಿ ಇದರ ದೊಡ್ಡ ಗುಣ. ರೋಗಿ ಮಾತಾಡುತ್ತಿರುತ್ತಾರೆ, ಕೆಮ್ಮುತ್ತಾರೆ, ಉಗುಳು ನುಂಗುತ್ತಾರೆ.

ಆಮ್ಲಜನಕದ ಜೊತೆ ಬೆರೆಸಿ ಕೊಡುವ ಉಪಾಯವನ್ನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕ್ಲಿಕೋವಿಚ್ 1881ರಲ್ಲೇ ಹೆರಿಗೆ ನೋವಿಗೆ ಬಳಸಿದ್ದರು. ಆದರೆ ಎರಡು ಬೇರೆ ಬೇರೆ ಸಿಲಿಂಡರ್, ಬೆರೆಸುವ ಯಂತ್ರ, ಇಷ್ಟೆಲ್ಲ ಹೊತ್ತುಕೊಂಡು ರಸ್ತೆಗೆ ಹೋಗಲಾಗುತ್ತಾ? 1961ರಲ್ಲಿ ಬ್ರಿಟನ್ನಿನ ಮೈಕೆಲ್ ಟನ್‌ಸ್ಟಾಲ್ ಎರಡನ್ನೂ ಅರ್ಧರ್ಧ ಬೆರೆಸಿ ಒಂದೇ ಸಿಲಿಂಡರ್‌ನಲ್ಲಿ ತುಂಬಬಹುದು ಅಂತ ತೋರಿಸಿಕೊಟ್ಟರು. ಎಂಟೊನಾಕ್ಸ್ ಅಂತ ನೀವು ಕೇಳಿರುವುದು ಇದನ್ನೇ. ಅದನ್ನು ಆಂಬುಲೆನ್ಸ್‌ಗೆ ಹತ್ತಿಸಿದವರಲ್ಲಿ ಪೀಟರ್ ಬ್ಯಾಸ್ಕೆಟ್ ಮುಖ್ಯರು. ಗ್ಲಾಸ್ಟರ್‌ಶೈರ್‌ನ ಆಂಬುಲೆನ್ಸ್‌ಗಳಲ್ಲಿ ಬಳಸಿ ನೋಡಿದ ಅನುಭವವನ್ನು ಅವರು 1970ರಲ್ಲಿ ಪ್ರಕಟಿಸಿದರು. ಡಾಕ್ಟರ್ ಇಲ್ಲದ ಗಾಡಿಯಲ್ಲೂ ಸಿಬ್ಬಂದಿ ಇದನ್ನು ಸುರಕ್ಷಿತವಾಗಿ ಕೊಡಬಹುದು ಅನ್ನುವುದು ಆಗ ಖಚಿತವಾಯಿತು.

ಈಗ ಸಿಲಿಂಡರ್ ಹತ್ತಿರ ಬನ್ನಿ. ತಲೆಯ ಮೇಲೆ ವಾಲ್ವ್, ಅದರಿಂದ ಒಂದು ಪೈಪ್, ಪೈಪಿನ ತುದಿಯಲ್ಲಿ ಮುಷ್ಟಿಗಾತ್ರದ ಡಿಮ್ಯಾಂಡ್ ವಾಲ್ವ್, ಅದಕ್ಕೆ ಮಾಸ್ಕ್ ಅಥವಾ ಬಾಯಲ್ಲಿ ಕಚ್ಚಿಕೊಳ್ಳುವ ಮೌತ್‌ಪೀಸ್. ಆಕ್ಸಿಜನ್ ಮಾಸ್ಕ್‌ನ ಹಾಗೆ ಇದು ಸುಮ್ನೆ ಹರಿಯುವುದಿಲ್ಲ. ಸ್ಟ್ರಾ ಹಾಕಿ ಹೀರಿದ ಹಾಗೆ, ರೋಗಿ ಉಸಿರು ಎಳೆದರೆ ಮಾತ್ರ ಬರುತ್ತದೆ. ಎಳೆದಾಗ ವಾಲ್ವ್‌ನಿಂದ 'ಸ್ಸ್' ಅಂತ ಶಬ್ದ ಕೇಳಬೇಕು. ಆ ಶಬ್ದ ಇಲ್ಲ ಅಂದರೆ ಮಾಸ್ಕ್ ಸರಿಯಾಗಿ ಕೂತಿಲ್ಲ, ರೋಗಿ ಬರೀ ಕೋಣೆಯ ಗಾಳಿ ಕುಡಿಯುತ್ತಿದ್ದಾರೆ. "ಗ್ಯಾಸ್ ಕೊಟ್ಟೆವು, ಏನೂ ಕೆಲಸ ಮಾಡಲಿಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಆ ಶಬ್ದದ ಬಗ್ಗೆಯೇ.

ಹೇಳಿಕೊಡುವುದು ಅರ್ಧ ಚಿಕಿತ್ಸೆ. ನೋವಲ್ಲಿ ಇರುವವರು ಮೇಲುಸಿರು ಬಿಡುತ್ತಿರುತ್ತಾರೆ. ಅಂಥ ಚಿಕ್ಕ ಉಸಿರಿಗೆ ಗ್ಯಾಸ್ ಶ್ವಾಸಕೋಶದ ಆಳಕ್ಕೆ ಹೋಗುವುದೇ ಇಲ್ಲ. ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಂಡು ಹೇಳಿ: "ಅಮ್ಮಾ, ಇದನ್ನು ನೀವೇ ಹಿಡ್ಕೊಳ್ಳಿ. ನಿಧಾನಕ್ಕೆ, ಉದ್ದಕ್ಕೆ ಉಸಿರು ಎಳ್ಕೊಳ್ಳಿ. ಈಗ ಅದರೊಳಗೇ ಬಿಡಿ. ಇನ್ನೊಂದು ಸಲ." ನಾಲ್ಕೈದು ಉಸಿರಿಗೆ ತುಟಿ ಜುಮ್ ಅನ್ನುತ್ತದೆ, ತಲೆ ಹಗುರಾದ ಹಾಗಾಗುತ್ತದೆ. ಇದನ್ನು ಮುಂಚೆಯೇ ಹೇಳಿಬಿಡಿ, ಇಲ್ಲದಿದ್ದರೆ ಹೆದರಿ ಮಾಸ್ಕ್ ಕಿತ್ತು ಹಾಕುತ್ತಾರೆ. ಪೂರ್ತಿ ಪರಿಣಾಮಕ್ಕೆ ಎರಡು ಮೂರು ನಿಮಿಷ ಬೇಕು. ನಾವು ಎಡವುವುದು ಇಲ್ಲೇ. ಮಾಸ್ಕ್ ಕೊಟ್ಟ ಕೂಡಲೇ ಕಾಲಿಗೆ ಕೈ ಹಾಕುತ್ತೇವೆ. ದಯವಿಟ್ಟು ಗಡಿಯಾರ ನೋಡಿ ಎರಡು ನಿಮಿಷ ಕಾಯಿರಿ. ಆಮೇಲೆ ಸ್ಪ್ಲಿಂಟ್ ಕಟ್ಟಿ, ಕಟ್ಟುವಾಗಲೂ ಉಸಿರಾಟ ನಿಲ್ಲಿಸಲು ಬಿಡಬೇಡಿ. ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಔಷಧಿ ದೇಹದಿಂದ ಹೊರಗೆ ಹೋಗಿರುತ್ತದೆ. ರಕ್ತದಲ್ಲಿ ಬಹಳ ಕಮ್ಮಿ ಕರಗುವ ಗ್ಯಾಸ್ ಇದು. ಹಾಗಾಗಿ ಬೇಗ ಏರುತ್ತದೆ, ಬೇಗ ಇಳಿಯುತ್ತದೆ.

ಇವತ್ತು ನಾನು ಹೇಳಲು ಬಂದ ಮುಖ್ಯ ಮಾತು ಇದು: ಮಾಸ್ಕನ್ನು ರೋಗಿಯೇ ಹಿಡಿದಿರಬೇಕು. ನೀವು ಹಿಡಿಯಬೇಡಿ, ಮನೆಯವರ ಕೈಗೂ ಕೊಡಬೇಡಿ, ಪಟ್ಟಿ ಹಾಕಿ ಮುಖಕ್ಕೆ ಬಿಗಿಯಬೇಡಿ. ಮಂಪರು ಜಾಸ್ತಿಯಾದರೆ ಕೈ ತಾನಾಗಿ ಸಡಿಲವಾಗುತ್ತದೆ, ಮಾಸ್ಕ್ ಕೆಳಗೆ ಬೀಳುತ್ತದೆ, ಹೊರಗಿನ ಗಾಳಿ ಒಳಗೆ ಹೋಗಿ ಎಚ್ಚರ ಆಗುತ್ತದೆ. ಈ ಪದ್ಧತಿಯ ಸುರಕ್ಷತೆಯೆಲ್ಲ ನಿಂತಿರುವುದು ಅದರ ಮೇಲೆ. ಯಾರೋ ಪ್ರೀತಿಯಿಂದ "ಪಾಪ, ಸುಸ್ತಾಗಿದ್ದಾರೆ" ಅಂತ ಮಾಸ್ಕ್ ಒತ್ತಿ ಹಿಡಿದರೆ ಆ ರಕ್ಷಣೆ ಅಲ್ಲಿಗೇ ಹೋಯಿತು. ಇನ್ನೊಂದು ಲಾಭವೂ ಇದೆ. ಅಪಘಾತವಾದವರ ಮೇಲೆ ಎಲ್ಲರೂ ಏನೇನೋ ಮಾಡುತ್ತಿರುತ್ತಾರೆ. ಬಟ್ಟೆ ಕತ್ತರಿಸುತ್ತಾರೆ, ಹೊರಳಿಸುತ್ತಾರೆ, ಚುಚ್ಚುತ್ತಾರೆ. ಆ ಗದ್ದಲದಲ್ಲಿ ಅವರ ಹಿಡಿತಕ್ಕೆ ಸಿಗುವ ಒಂದೇ ವಸ್ತು ಈ ಮಾಸ್ಕ್. ಎಷ್ಟು ಬೇಕು, ಯಾವಾಗ ಬೇಕು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಅದರಿಂದ ಹೆದರಿಕೆ ಇಳಿಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಯಾರಿಗೆ ಕೊಡಬಾರದು ಅನ್ನುವುದಕ್ಕೆ ಸ್ವಲ್ಪ ಸಮಯ ತೆಗೆದುಕೊಳ್ಳುತ್ತೇನೆ. ಪಟ್ಟಿ ಬಾಯಿಪಾಠ ಮಾಡಿದರೆ ಮರೆತುಹೋಗುತ್ತದೆ. ಕಾರಣ ತಿಳಿದರೆ ಮರೆಯುವುದಿಲ್ಲ.

ನಾವು ಉಸಿರಾಡುವ ಗಾಳಿಯಲ್ಲಿ ಬಹುಪಾಲು ನೈಟ್ರೋಜನ್. ನೈಟ್ರಸ್ ಆಕ್ಸೈಡ್ ರಕ್ತದಲ್ಲಿ ಕಮ್ಮಿ ಕರಗುತ್ತದೆ ಅಂದೆನಲ್ಲ, ಆದರೂ ನೈಟ್ರೋಜನ್‌ಗಿಂತ ಸುಮಾರು 34 ಪಟ್ಟು ಜಾಸ್ತಿ ಕರಗುತ್ತದೆ. ದೇಹದಲ್ಲಿ ಎಲ್ಲಾದರೂ ಗಾಳಿ ಸಿಕ್ಕಿಹಾಕಿಕೊಂಡಿದ್ದರೆ, ಅಲ್ಲಿಗೆ ನೈಟ್ರಸ್ ಆಕ್ಸೈಡ್ ಬೇಗ ನುಗ್ಗುತ್ತದೆ, ನೈಟ್ರೋಜನ್ ಅಷ್ಟು ಬೇಗ ಹೊರಗೆ ಬರುವುದಿಲ್ಲ. ಆ ಜಾಗ ಉಬ್ಬುತ್ತದೆ. 1965ರಲ್ಲಿ ಎಗರ್ ಮತ್ತು ಸೈಡ್‌ಮನ್ ಇದನ್ನು ನಾಯಿಗಳಲ್ಲಿ ಅಳೆದರು. ಶೇ. 75ರ ಗ್ಯಾಸ್ ಕೊಟ್ಟಾಗ ಎದೆಗೂಡಿನಲ್ಲಿ ಸಿಕ್ಕಿಕೊಂಡ ಗಾಳಿ ಸುಮಾರು ಹತ್ತು ನಿಮಿಷದಲ್ಲಿ ದುಪ್ಪಟ್ಟಾಯಿತು. ನಮ್ಮದು ಶೇ. 50, ಉಬ್ಬುವುದು ಕಡಿಮೆ. ಆದರೂ ಪಕ್ಕೆಲುಬು ಮುರಿದು ಶ್ವಾಸಕೋಶದ ಸುತ್ತ ಗಾಳಿ ಸೇರಿದವರಿಗೆ ಅಷ್ಟೇ ಸಾಕು ಪ್ರಾಣಕ್ಕೆ ಬರಲು. ಹಾಗಾಗಿ ಎದೆಗೆ ಜೋರು ಪೆಟ್ಟು ಬಿದ್ದವರಿಗೆ, ನ್ಯೂಮೋಥೊರಾಕ್ಸ್, ಅಂದರೆ ಹೀಗೆ ಶ್ವಾಸಕೋಶದ ಸುತ್ತ ಗಾಳಿ ಸೇರಿರುವುದು, ಇಲ್ಲ ಅಂತ ಖಚಿತವಾಗುವವರೆಗೆ ಬೇಡ. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿದವರಿಗೆ ಬೇಡ. ತಲೆಬುರುಡೆ ಒಡೆದು ಒಳಗೆ ಗಾಳಿ ಹೋಗಿರಬಹುದಾದವರಿಗೆ ಬೇಡ. ಸಮುದ್ರದಲ್ಲಿ ಆಳಕ್ಕೆ ಇಳಿದು ಈಗಷ್ಟೇ ಬಂದವರಿಗೂ ಬೇಡ, ರಕ್ತದಲ್ಲಿರುವ ಸಣ್ಣ ಗುಳ್ಳೆಗಳು ದೊಡ್ಡದಾಗುತ್ತವೆ.

ಇವುಗಳಲ್ಲಿ ಸುಲಭವಾಗಿ ತಪ್ಪಿಹೋಗುವುದು ಕಣ್ಣು. ಅಕ್ಷಿಪಟಲ ಕಳಚಿದವರಿಗೆ ಆಪರೇಷನ್ ಮಾಡುವಾಗ ಕಣ್ಣೊಳಗೆ ಗ್ಯಾಸ್ ಗುಳ್ಳೆ ಬಿಡುತ್ತಾರೆ. ಅದು ಕೆಲವು ವಾರ, ಕೆಲವೊಮ್ಮೆ ಎರಡು ತಿಂಗಳವರೆಗೂ ಇರುತ್ತದೆ. ಅಂಥವರು ಎಡವಿ ಬಿದ್ದು ಕೈ ಮುರಿದುಕೊಂಡು ಬಂದಾಗ ನಾವು ಮಾಸ್ಕ್ ಕೊಟ್ಟರೆ, ಗುಳ್ಳೆ ಹಿಗ್ಗಿ ಕಣ್ಣಿನ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. "ಇತ್ತೀಚೆಗೆ ಕಣ್ಣಿನ ಆಪರೇಷನ್ ಆಗಿದೆಯಾ?" ಕೇಳಲು ಮೂರು ಸೆಕೆಂಡ್ ಸಾಕು. ಎಷ್ಟೋ ಕಡೆ ಅಂಥವರಿಗೆ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಕಳಿಸುತ್ತಾರೆ, ಕೈ ನೋಡಿ.

ಉಳಿದವು ಸುಲಭ. ಹೇಳಿದ್ದು ಅರ್ಥವಾಗದಷ್ಟು ಮಂಪರಿನಲ್ಲಿ ಇರುವವರು, ಕುಡಿದು ತೂಗುತ್ತಿರುವವರು, ಮುಖಕ್ಕೆ ಪೆಟ್ಟು ಬಿದ್ದು ಮಾಸ್ಕ್ ಹಿಡಿಯಲಾಗದವರು, ಇವರಿಗೆ ಬೇಡ. ಬಹಳ ವರ್ಷದಿಂದ ಶ್ವಾಸಕೋಶದ ಕಾಯಿಲೆ ಇದ್ದು ಜಾಸ್ತಿ ಆಮ್ಲಜನಕ ತಡೆಯದವರಿಗೆ ಎಚ್ಚರಿಕೆಯಿಂದ ಕೊಡಿ, ಯಾಕೆಂದರೆ ಸಿಲಿಂಡರ್‌ನ ಅರ್ಧ ಆಮ್ಲಜನಕವೇ. ಮಾರ್ಫಿನ್ ಅಥವಾ ನಿದ್ರೆ ಬರುವ ಔಷಧಿ ಆಗಲೇ ಕೊಟ್ಟಿದ್ದರೆ ಎರಡರ ಮಂಪರು ಕೂಡಿಕೊಳ್ಳುತ್ತದೆ, ಕಣ್ಣು ಬಿಡದೆ ನೋಡಿಕೊಳ್ಳಿ.

ಸಿಲಿಂಡರ್ ಬಗ್ಗೆ ಒಂದು ವಿಷಯ, ಚಳಿ ಪ್ರದೇಶದಲ್ಲಿ ಕೆಲಸ ಮಾಡುವವರು ಗಮನವಿಟ್ಟು ಕೇಳಿ. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 137 ಬಾರ್ ಒತ್ತಡ ಇರುತ್ತದೆ. ಆ ಒತ್ತಡದಲ್ಲೂ ಎರಡು ಗ್ಯಾಸ್ ಬೆರೆತುಕೊಂಡೇ ಇರುತ್ತವೆ. ಆದರೆ ಉಷ್ಣತೆ ಸುಮಾರು ಮೈನಸ್ 6 ಡಿಗ್ರಿಗಿಂತ ಕೆಳಗೆ ಇಳಿದರೆ ನೈಟ್ರಸ್ ಆಕ್ಸೈಡ್ ದ್ರವವಾಗಿ ತಳಕ್ಕೆ ಇಳಿಯುತ್ತದೆ. ಅಂಥ ಸಿಲಿಂಡರ್ ತೆರೆದರೆ ಮೊದಲು ಬರುವುದು ಬಹುಪಾಲು ಆಮ್ಲಜನಕ. ನೋವು ಹೋಗುವುದಿಲ್ಲ. ಆಮೇಲೆ ಬರುವುದು ಬಹುಪಾಲು ನೈಟ್ರಸ್ ಆಕ್ಸೈಡ್, ಅದರಲ್ಲಿ ಉಸಿರಾಡಲು ಬೇಕಾದಷ್ಟು ಆಮ್ಲಜನಕ ಇರುವುದಿಲ್ಲ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮೀಟರ್ ಮುಳ್ಳು ಸರಿಯಾಗೇ ತೋರಿಸುತ್ತಿರುತ್ತದೆ. ಬಳಸುವ ಮುಂಚೆ 24 ಗಂಟೆ 10 ಡಿಗ್ರಿಗಿಂತ ಬೆಚ್ಚಗಿನ ಜಾಗದಲ್ಲಿ ಅಡ್ಡಡ್ಡ ಮಲಗಿಸಿ ಇಡಬೇಕು. ತಣ್ಣಗಾಗಿತ್ತು ಅನ್ನುವ ಅನುಮಾನ ಇದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಮೂರು ಸಲ ಪೂರ್ತಿ ತಲೆಕೆಳಗು ಮಾಡಬೇಕು. ಬೆಚ್ಚಗೆ ಮಾಡದೆ ಬರೀ ಅಲ್ಲಾಡಿಸಿದರೆ ಪ್ರಯೋಜನ ಇಲ್ಲ. ಇನ್ನೊಂದು, ವಾಲ್ವ್‌ಗೆ ಎಣ್ಣೆ, ಗ್ರೀಸ್ ಮುಟ್ಟಿಸಬೇಡಿ. ಎರಡು ಗ್ಯಾಸೂ ಬೆಂಕಿಗೆ ಕುಮ್ಮಕ್ಕು ಕೊಡುತ್ತವೆ.

ಎರಡನೇ ಔಷಧಿ ಮೆಥಾಕ್ಸಿಫ್ಲುರೇನ್. ಇದು ಸಿಲಿಂಡರ್‌ನಲ್ಲಿ ಬರುವ ಗ್ಯಾಸ್ ಅಲ್ಲ, ಆವಿಯಾಗುವ ದ್ರವ. ಪೆನ್‌ಥ್ರಾಕ್ಸ್ ಹೆಸರಿನಲ್ಲಿ ಸಿಗುತ್ತದೆ. ಆಸ್ಟ್ರೇಲಿಯಾದ ಆಂಬುಲೆನ್ಸ್‌ಗಳಲ್ಲಿ ದಶಕಗಳಿಂದ ಇದೆ. ಹಸಿರು ಬಣ್ಣದ ಸಣ್ಣ ಕೊಳವೆ, ಅಲ್ಲಿನ ಜನ ಅದನ್ನು ಹಸಿರು ಸೀಟಿ ಅನ್ನುತ್ತಾರೆ. ಕೊಳವೆಯೊಳಗೆ ಬತ್ತಿ ಇರುತ್ತದೆ. 3 ಮಿಲಿಲೀಟರ್ ಬಾಟಲಿಯನ್ನು ಅದಕ್ಕೆ ಸುರಿಯಬೇಕು, ಪಟ್ಟಿಯನ್ನು ರೋಗಿಯ ಮಣಿಕಟ್ಟಿಗೆ ಹಾಕಬೇಕು, ಕೊಳವೆಯಲ್ಲೇ ಉಸಿರು ಎಳೆದು ಕೊಳವೆಯಲ್ಲೇ ಬಿಡಬೇಕು. ಬಿಟ್ಟ ಉಸಿರಲ್ಲಿ ಉಳಿದ ಔಷಧಿಯನ್ನು ಮೇಲಿರುವ ಇದ್ದಿಲಿನ ಡಬ್ಬಿ ಹೀರಿಕೊಳ್ಳುತ್ತದೆ. ಹಣ್ಣಿನಂಥ ವಾಸನೆ. ಹತ್ತು ಉಸಿರಿನೊಳಗೆ ಆರಾಮ ಸಿಗುತ್ತದೆ. ಇನ್ನೂ ಬೇಕು ಅನ್ನಿಸಿದರೆ ಡಬ್ಬಿಯ ಮೇಲಿನ ತೂತನ್ನು ಬೆರಳಿಂದ ಮುಚ್ಚಿ ಎಳೆಯಬೇಕು. ಒಂದು ಬಾಟಲಿ ಎಡೆಬಿಡದೆ ಎಳೆದರೆ ಸುಮಾರು ಅರ್ಧ ಗಂಟೆ, ಬಿಟ್ಟು ಬಿಟ್ಟು ಎಳೆದರೆ ಒಂದು ಗಂಟೆವರೆಗೂ ಬರುತ್ತದೆ. ಬೆಟ್ಟದಲ್ಲಿ, ಬೀಚ್‌ನಲ್ಲಿ, ಕಾರೊಳಗೆ ಸಿಕ್ಕಿಕೊಂಡವರ ಹತ್ತಿರ ಸಿಲಿಂಡರ್ ಹೊರುವುದಕ್ಕಿಂತ ಜೇಬಿನಲ್ಲಿ ಇದನ್ನು ಒಯ್ಯುವುದು ಎಷ್ಟು ಸಲೀಸು ಅಂತ ನೀವೇ ಊಹಿಸಿ.

ಈ ಔಷಧಿಗೆ ಕೆಟ್ಟ ಹೆಸರು ಯಾಕೆ ಬಂತು ಅಂತಲೂ ಹೇಳಬೇಕು. 1960ರಿಂದ ಇದನ್ನು ಆಪರೇಷನ್‌ಗೆ ಅರಿವಳಿಕೆಯಾಗಿ ಗಂಟೆಗಟ್ಟಲೆ ಕೊಡುತ್ತಿದ್ದರು. ಅಷ್ಟು ಔಷಧಿ ದೇಹದಲ್ಲಿ ಒಡೆದಾಗ ಫ್ಲೋರೈಡ್ ಹುಟ್ಟಿ ಕಿಡ್ನಿ ಕೆಡುತ್ತಿತ್ತು. 1966ರಲ್ಲಿ ಅದರ ವರದಿ ಬಂತು, 70ರ ದಶಕದಲ್ಲಿ ಬಳಕೆ ಬಿದ್ದುಹೋಯಿತು. ಅಮೆರಿಕ 2005ರಲ್ಲಿ ಅನುಮತಿಯನ್ನೇ ವಾಪಸ್ ಪಡೆಯಿತು. ನೋವಿಗೆ ಕೊಡುವುದು ಅದರ ಸಣ್ಣ ಪಾಲು: ದಿನಕ್ಕೆ ಗರಿಷ್ಠ 6 ಮಿಲಿಲೀಟರ್, ವಾರಕ್ಕೆ 15. ಈ ಮಿತಿಯಲ್ಲಿ ಕಿಡ್ನಿ ಕೆಡುವ ಆ ಅಪಾಯ ಕಾಣಿಸಿಕೊಂಡಿಲ್ಲ ಅನ್ನುವ ಆಧಾರದ ಮೇಲೆ ಬ್ರಿಟನ್ 2015ರಲ್ಲಿ, ಕೆನಡಾ 2018ರಲ್ಲಿ ಬಳಸಲು ಒಪ್ಪಿದವು. ಆದರೆ ಮಿತಿ ಅಂದರೆ ಮಿತಿಯೇ. ಕಿಡ್ನಿ ತೊಂದರೆ ಆಗಲೇ ಇದ್ದವರಿಗೆ, ಅರಿವಳಿಕೆಯಿಂದ ಮೈ ವಿಪರೀತ ಕಾದು ಅಪಾಯವಾದ ಇತಿಹಾಸ ಕುಟುಂಬದಲ್ಲಿ ಇದ್ದವರಿಗೆ ಇದು ಬೇಡವೇ ಬೇಡ.

ಇನ್ನು ಸಭಿಕರ ಪ್ರಶ್ನೆಗಳು.

ಒಬ್ಬರು ಕೇಳಿದರು: ಇದು ಚಟವಾಗುವುದಿಲ್ಲವಾ? ಯುವಕರು ಬಲೂನಿಗೆ ತುಂಬಿಕೊಂಡು ಸೇದುವ ಸುದ್ದಿ ಬರುತ್ತಲ್ಲ?

ಬರುತ್ತದೆ, ಅದು ನಿಜವಾದ ಕಳವಳ. ನೈಟ್ರಸ್ ಆಕ್ಸೈಡ್ ನಮ್ಮ ಬಿ12 ವಿಟಮಿನ್ನಿನ ಕೋಬಾಲ್ಟನ್ನು ಕೆಡಿಸುತ್ತದೆ. ಆ ಬಿ12 ಮತ್ತೆ ಕೆಲಸಕ್ಕೆ ಬರುವುದಿಲ್ಲ. 1956ರಲ್ಲೇ ಡೆನ್ಮಾರ್ಕ್‌ನ ವೈದ್ಯರು, ಧನುರ್ವಾಯು ರೋಗಿಗಳಿಗೆ ದಿನಗಟ್ಟಲೆ ಈ ಗ್ಯಾಸ್ ಕೊಟ್ಟಾಗ ಮೂಳೆ ಮಜ್ಜೆ ರಕ್ತಕಣ ತಯಾರಿಸುವುದನ್ನು ಕಡಿಮೆ ಮಾಡಿದ್ದನ್ನು ಗಮನಿಸಿದ್ದರು. ಮತ್ತೆ ಮತ್ತೆ ಸೇದುವವರಲ್ಲಿ ಬೆನ್ನುಹುರಿ ಹಾಳಾಗಿ ಕಾಲಿನ ಸ್ವಾಧೀನವೇ ತಪ್ಪುತ್ತದೆ. ಮೋಜಿಗೆ ಇಟ್ಟುಕೊಳ್ಳುವುದನ್ನೇ ಬ್ರಿಟನ್ 2023ರ ನವೆಂಬರ್‌ನಿಂದ ಅಪರಾಧ ಮಾಡಿದೆ. ಆದರೆ ಕೈ ಮುರಿದಾಗ ಒಂದು ಸಲ ಅರ್ಧ ಗಂಟೆ ಉಸಿರಾಡುವುದಕ್ಕೂ ಇದಕ್ಕೂ ಬಹಳ ದೂರ. ನಾಲ್ಕು ದಿನಕ್ಕೊಮ್ಮೆಗಿಂತ ಹೆಚ್ಚಾಗಿ ಬೇಕಾಗುವ ರೋಗಿ, ಉದಾಹರಣೆಗೆ ದಿನಾ ಡ್ರೆಸಿಂಗ್ ಬದಲಿಸುವ ಸುಟ್ಟಗಾಯದವರು, ಅಂಥವರಿಗೆ ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕು. ಬಿ12 ಮೊದಲೇ ಕಮ್ಮಿ ಇರುವವರಲ್ಲಿ ಇನ್ನೂ ಎಚ್ಚರ ಬೇಕು.

ನರ್ಸ್ ಒಬ್ಬರ ಪ್ರಶ್ನೆ: ದಿನಾ ಪಕ್ಕದಲ್ಲಿ ನಿಂತಿರುವ ನಮಗೆ?

ಈ ಪ್ರಶ್ನೆಯನ್ನು ಇನ್ನೂ ಜಾಸ್ತಿ ಜನ ಕೇಳಬೇಕು. ರೋಗಿ ಹೊರಗೆ ಬಿಡುವ ಉಸಿರಲ್ಲಿ ಗ್ಯಾಸ್ ಇರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಸೇರಿಕೊಳ್ಳುತ್ತದೆ. ಬ್ರಿಟನ್ನಿನ ಮಿತಿ ಎಂಟು ಗಂಟೆಯ ಸರಾಸರಿ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ. ಗಾಳಿಯಾಡದ ಹೆರಿಗೆ ಕೋಣೆಗಳಲ್ಲಿ ಈ ಮಿತಿ ಮೀರಿದ್ದಕ್ಕೆ ಅಲ್ಲಿನ ಕೆಲವು ಆಸ್ಪತ್ರೆಗಳು ಗ್ಯಾಸ್ ಕೊಡುವುದನ್ನೇ ಕೆಲಕಾಲ ನಿಲ್ಲಿಸಿದವು. ಆಂಬುಲೆನ್ಸ್‌ನಲ್ಲಿ ಫ್ಯಾನ್ ಹಾಕಿ, ಕಿಟಕಿ ತೆರೆಯಿರಿ. ರೋಗಿ ಮಾಸ್ಕ್ ಒಳಗೇ ಉಸಿರು ಬಿಟ್ಟರೆ ಅದನ್ನು ಹೊರಗೆ ಎಳೆದುಕೊಳ್ಳುವ ವ್ಯವಸ್ಥೆ ಆಸ್ಪತ್ರೆಯಲ್ಲಿ ಇರಬೇಕು. ಇಲ್ಲದಿದ್ದರೆ ಕೇಳಿ ಮಾಡಿಸಿಕೊಳ್ಳಿ, ಅದು ನಿಮ್ಮ ಹಕ್ಕು. ವಾತಾವರಣಕ್ಕೂ ಇದು ಹೊರೆಯೇ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು. ಅದಕ್ಕೇ ಆಸ್ಪತ್ರೆಯ ಗೋಡೆಯೊಳಗಿನ ಹಳೇ ಪೈಪ್‌ಗಳ ಸೋರಿಕೆ ಬಿಟ್ಟು ಸಣ್ಣ ಸಿಲಿಂಡರ್ ಬಳಸಿ ಅನ್ನುತ್ತಿದ್ದಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಕೊನೆಯ ಪ್ರಶ್ನೆ: ಗ್ಯಾಸ್ ಕೊಟ್ಟರೆ ಮಾರ್ಫಿನ್ ಬೇಡವಾ?

ಬೇಕು. ತೊಡೆ ಮೂಳೆ ಮುರಿದವರಿಗೆ ಗ್ಯಾಸ್ ಒಂದೇ ಸಾಲುವುದಿಲ್ಲ. ಸಡಿಲಾದ ಭುಜದ ಕೀಲು ಕೂರಿಸುವಾಗ, ಸಣ್ಣ ಸುಟ್ಟಗಾಯ ತೊಳೆಯುವಾಗ, ಮಗುವಿನ ಕೈಗೆ ಹೊಲಿಗೆ ಹಾಕುವಾಗ ಅದೊಂದೇ ಸಾಕಾಗಬಹುದು. ದೊಡ್ಡ ಪೆಟ್ಟಿನಲ್ಲಿ ಅದು ನರ ಹುಡುಕಿ ಬಲವಾದ ಔಷಧಿ ಏರಿಸುವವರೆಗೆ ಸಮಯ ಕೊಡುತ್ತದೆ. ಆ ಔಷಧಿ ಹಿಡಿಯುವ ಮುಂಚೆ ಮಾಸ್ಕ್ ತೆಗೆದುಬಿಟ್ಟರೆ ಐದು ನಿಮಿಷದಲ್ಲಿ ನೋವೆಲ್ಲ ವಾಪಸ್ ಬರುತ್ತದೆ. ಆಂಬುಲೆನ್ಸ್‌ನವರು ಆಸ್ಪತ್ರೆಯಲ್ಲಿ ರೋಗಿಯನ್ನು ಒಪ್ಪಿಸಿ ತಮ್ಮ ಸಿಲಿಂಡರ್ ಎತ್ತಿಕೊಂಡು ಹೊರಡುವಾಗ ಆಗುವುದೇ ಇದು. ಹೊರಡುವ ಮುಂಚೆ ಅಲ್ಲಿನವರನ್ನು ಕೇಳಿ: ಇವರಿಗೆ ಮುಂದಿನ ನೋವಿನ ಔಷಧಿ ಯಾವುದು, ಕೊಟ್ಟು ಎಷ್ಟು ಹೊತ್ತಾಯಿತು? ಇನ್ನೂ ಕೊಟ್ಟಿಲ್ಲ ಅಂದರೆ ಸಿಲಿಂಡರ್ ಅಲ್ಲೇ ಇರಲಿ.